ಸಸ್ಯೋದ್ಯಾನಕ್ಕೆ ನಾನೇ ದಾರಿ ತೋರಿಸಿದೆ

ದಾರಿ ತೋರಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಶಿವಮೊಗ್ಗೆಯಲ್ಲೇ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗಾಗಿ ಬಾಲ್ಯಸ್ನೇಹಿತ ಶ್ರೀಪತಿ ಮೈಸೂರಿನಿಂದ ಬಂದಾಗ, "ನಡಿಯೋ, ಭದ್ರಾವತಿ ಸಸ್ಯೋದ್ಯಾನ ತೋರಿಸ್ತೀನಿ" ಎಂದೆ.

ತೋರಿಸಬೇಕಾದದ್ದು ಗಿಡಗಳನ್ನಲ್ಲ, ಮಗಳು ಸರೋಜಳನ್ನು! ಶ್ರೀಪತಿ ತನ್ನ ಮಗನಿಗೆ ಹೆಣ್ಣು ಹುಡುಕುತ್ತಿದ್ದ. ಮನೆಯಲ್ಲಿ ಉಪ್ಪಿಟ್ಟು ಕೊಟ್ಟು ತೋರಿಸಿದ ಸಂಬಂಧಗಳೆಲ್ಲ ನನ್ನ ಬಾಯಿಯಿಂದಲೇ ತಪ್ಪಿದವೆಂದು ನನ್ನ ಹೆಂಡತಿ ಪದ್ಮಳ ದೂರು. "ಈ ಸಲನಾದ್ರೂ ಸುಮ್ನಿರಿ, ನಿಮ್ಮ ದಮ್ಮಯ್ಯ" ಎಂದು ಬೇಡಿಕೊಂಡಿದ್ದಳು.

ಭದ್ರಾವತಿಯಲ್ಲಿ ನಾವು ನಾಲ್ವರೂ ರೈಲಿಳಿದು ಜಟಕಾ ಹತ್ತಿದೆವು. ದೊಡ್ಡ ಗೇಟು, ಸಾಲು ಕ್ರೋಟನ್ನು, ಹಸಿರು ಹುಲ್ಲು ಕಂಡದ್ದೇ "ನಿಲ್ಸು!" ಎಂದು ಕೂಗಿದೆ.

"ಸಾಮಿ, ತೋಟ ಇನ್ನೂ ಮುಂದೈತೆ" ಎಂದ ಜಟಕಾದವನು.

"ಯಾರಿಗೆ ಹೇಳ್ತೀಯಪ್ಪ?" ಎಂದು ಗತ್ತಿನಿಂದ ಇಳಿದೆ.

ಒಳಗೆ ಹೋದೊಡನೆ ಸರೋಜ ಪಿಸುಗುಟ್ಟಿದಳು. "ಅಪ್ಪ, ಇದು ಯಾರದೋ ಮನೆ. ಅಲ್ಲಿ ಸೀರೆ ಒಣಗಿಹಾಕಿದಾರೆ."

"ಮಾಲಿ ಹೆಂಡ್ತಿದು ಕಣೇ."

"ಜಗಲೀಲಿ ತೊಟ್ಟಿಲೂ ಇದೆ."

"ಮಾಲಿ ಮಗೂದು!"

"ರೀ, ಯಾರನ್ನಾದ್ರೂ ಕೇಳಬಾರ್ದಾ?" ಎಂದಳು ಪದ್ಮ. ಕೇಳುವುದೆ? ನಾನೆ? ಜಮಖಾನ ಹಾಸಿಸಿ ಪುಳಿಯೋಗರೆ ಬಡಿಸಲು ಅಪ್ಪಣೆ ಕೊಟ್ಟೆ.

ಎರಡು ತುತ್ತು ತಿನ್ನುವಷ್ಟರಲ್ಲಿ, ಮಗಳ ಜಡೆಗೊಂದು ಹೂವಿದ್ದರೆ ಚೆನ್ನ ಎನ್ನಿಸಿತು. ಎದ್ದು ಅಲ್ಲಿದ್ದ ಅತಿ ದೊಡ್ಡ ಗುಲಾಬಿಯನ್ನು ಕಿತ್ತೆ. ಮಾಲಿ ಬಾಯಿ ಬಡಿದುಕೊಂಡು ಓಡಿಬಂದ.

"ಅಯ್ಯಯ್ಯೋ! ಫ್ಲವರ್ ಶೋಗೆ ಅಂತ ಬೆಳೆಸಿದ್ದು ಸಾಮಿ!"

"ಸಾರ್ವಜನಿಕರ ಹತ್ರ ಹೀಗಾ ಮಾತಾಡೋದು? ನಿಮ್ಮ ಸಾಹೇಬ್ರಿಗೆ ಕಾಗದ ಬರೀತೀನಿ!"

"ಕಾಗದ ಯಾಕೆ ಸಾಮಿ? ಒಳಗೇ ಸ್ನಾನ ಮಾಡ್ತಾವ್ರೆ. ಕರೀಲಾ?"

ಕರೆಯುವುದೇ ಬೇಕಾಗಲಿಲ್ಲ. ಆ ಮನೆಯ ಯಜಮಾನರು, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ದೊಡ್ಡ ಅಧಿಕಾರಿ, ತಲೆ ಒರೆಸಿಕೊಳ್ಳುತ್ತ ಜಗಲಿಗೇ ಬಂದರು. ನಮ್ಮ ಜಮಖಾನ ನೋಡಿದರು. ನನ್ನ ಕೈಯಲ್ಲಿದ್ದ ಗುಲಾಬಿ ನೋಡಿದರು.

"ಊಟ ಆಯ್ತಾ?" ಎಂದರು.

"ಆಗ್ತಾ ಇದೆ" ಎಂದೆ ನಾನು!

ಪದ್ಮ ಡಬ್ಬಿಗಳನ್ನು ಬಾಚಿಕೊಂಡು, ಕೈಮುಗಿದು, ನಮ್ಮನ್ನೆಲ್ಲ ಹೊರಗೆ ನಡೆಸಿದಳು. ಜಟಕಾದವನು ಗೇಟಿನಲ್ಲೇ ಕಾದಿದ್ದ. ಗಾಡಿ ಹೊರಟಾಗ ಪದ್ಮಳ ಕಣ್ಣು ತುಂಬಿತ್ತು. ಈ ಸಂಬಂಧವನ್ನೂ ನುಂಗಿ ನೀರು ಕುಡಿದೆನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಅಷ್ಟು ಹೊತ್ತು ಕೆಮ್ಮಿದಂತೆ ಮಾಡಿ ನಗು ತಡೆದುಕೊಂಡಿದ್ದ ಶ್ರೀಪತಿ ಕೊನೆಗೆ ಬಾಯಿಬಿಟ್ಟ. "ಲೋ ಮಾರಾಯ, ಇದು ಯಾರದೋ ಮನೆ ಅಂತ ನಿನ್ನ ಮಗಳು ಆಗ್ಲೇ ಹೇಳಿದ್ಲಲ್ವೇನೋ?"

"ಹೇಳಿದ್ಲು."

"ಅತ್ತಿಗೆ, ಹುಡುಗಿಗೆ ನಿಮ್ಮ ಬುದ್ಧಿ ಬಂದಿದೆ. ನಮಗೆ ಒಪ್ಪಿಗೆ. ಒಂದೇ ಕರಾರು. ದಿಬ್ಬಣಕ್ಕೆ ದಾರಿ ತೋರಿಸೋಕೆ ಇವನನ್ನ ಮಾತ್ರ ಕಳಿಸಬೇಡಿ!"

ಮದುವೆಯ ದಿನ ದಿಬ್ಬಣವನ್ನು ಸ್ಟೇಷನ್ನಿನಿಂದ ಕರೆತಂದವಳು ಪದ್ಮ. ನನ್ನನ್ನು ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದ್ದರು. ಅದು ನಮ್ಮ ಛತ್ರದ ಬಾಗಿಲೇ ಹೌದೇ ಎಂದು ಮೊದಲು ಅವಳೇ ಬಂದು ನೋಡಿಕೊಂಡು ಹೋಗಿದ್ದಳು.