ಬಾಗಿಲಲ್ಲಿ ಗುಡ್ ನೈಟ್

ವಯಸ್ಸಾದಂತೆ ಮರೆವು ಬರುತ್ತದೆ, ಅದೂ ಒಂದು ವರವೇ ಎಂದು ನನ್ನ ಓರಗೆಯವರು ಹೇಳುತ್ತಾರೆ. ನನಗೆ ಆ ವರ ಅರ್ಧ ಮಾತ್ರ ದೊರೆತಿದೆ. ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುತ್ತದೆ, ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಮರೆಯುತ್ತದೆ. ಆದರೆ ಯಾರು, ಎಲ್ಲಿ, ಯಾವ ಧಾಟಿಯಲ್ಲಿ ನನಗೆ ಅಗೌರವ ತೋರಿದರು ಎಂಬುದು ಮಾತ್ರ ನಿನ್ನೆ ನಡೆದಂತೆ ಕಣ್ಣಮುಂದಿದೆ. ಧಾರವಾಡದಲ್ಲಿ ನನ್ನ ಮದುವೆಯ ಪಂಕ್ತಿಯಲ್ಲಿ ನಮ್ಮ ಸೋದರಮಾವನನ್ನು ಬಿಟ್ಟು ಮುಂದಿನ ಎಲೆಗೆ ಹೋಳಿಗೆ ಬಡಿಸಿದ ಮನುಷ್ಯನ ಹೆಸರನ್ನೂ ಆತ ಉಟ್ಟಿದ್ದ ಧೋತರದ ಅಂಚಿನ ಬಣ್ಣವನ್ನೂ ನಾನು ಇಂದಿಗೂ ಹೇಳಬಲ್ಲೆ. ಸೋದರಮಾವ ಆ ಸಂಗತಿಯನ್ನು ಕೈತೊಳೆಯುವ ಹೊತ್ತಿಗೇ ಮರೆತಿದ್ದರು. ಅವರ ಪರವಾಗಿ ನಾನು ನೆನಪಿಟ್ಟುಕೊಂಡೆ.

ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣ. ಧಾರವಾಡ ಬಿಟ್ಟು ಈ ದೇಶಕ್ಕೆ ಬಂದ ಮೇಲೆ ವುಡ್‌ಬ್ರಿಡ್ಜಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಾನು ತಪಾಸಣೆಯ ಕೆಲಸ ಮಾಡಿದೆ. ಕಾರಿನ ಬ್ರೇಕಿಗೆ ಹೋಗುವ ಪುಟ್ಟ ಪಿನ್ನುಗಳನ್ನು ಒಂದೊಂದಾಗಿ ಅಳತೆಯ ಗೇಜಿಗೆ ಹಾಕಿ ನೋಡುವುದು. ಸರಿಯಾಗಿ ಕೂತರೆ ಮುಂದಕ್ಕೆ, ಕೂರದಿದ್ದರೆ ಕೆಂಪು ಡಬ್ಬಿಗೆ. ನಿವೃತ್ತಿಯಾದ ಮೇಲೆ ಪಿನ್ನುಗಳು ಕೈಬಿಟ್ಟವು, ಗೇಜು ಮಾತ್ರ ತಲೆಯಲ್ಲಿ ಉಳಿಯಿತು. ಈಗ ಜನರ ಮಾತನ್ನು ಅದಕ್ಕೆ ಹಾಕಿ ನೋಡುತ್ತೇನೆ. "ಆ ಕೆಂಪು ಡಬ್ಬ್ಯಾಗ ನಾ ಎಷ್ಟ ಸಲ ಬಿದ್ದೇನೋ, ಆ ದೇವರಿಗೇ ಗೊತ್ತು" ಎಂದು ನನ್ನ ಹೆಂಡತಿ ಗಿರಿಜಾ ಹೇಳುವುದುಂಟು. ದೇವರೊಬ್ಬನಿಗೇ ಅಲ್ಲ, ನನಗೂ ಗೊತ್ತು. ಆದರೆ ಈ ಪ್ರಬಂಧದ ವಿಷಯ ಅದಲ್ಲ.

ಸ್ಟ್ರೀಟ್ಸ್‌ವಿಲ್ಲಿನಲ್ಲಿ ನಮ್ಮದು ಒಂದೇ ಗೋಡೆಯನ್ನು ಹಂಚಿಕೊಂಡ ಜೋಡಿಮನೆ. ಗೋಡೆಯ ಆಚೆ ಮಿಸ್ ವರ್ನಾ ಇದ್ದಾರೆ. ಜಮೈಕಾದ ಗುಡ್ಡದ ಊರೊಂದರಿಂದ ಬಂದವರು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಭಾನುವಾರ ಚರ್ಚಿಗೆ ಹೋಗುವಾಗ ನಮ್ಮೂರ ಪೇಟದಷ್ಟೇ ಘನವಾದ ಟೋಪಿ ಧರಿಸುವವರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯರು. ಆದ್ದರಿಂದ ಎಂಥ ಮುನಿಸಿನಲ್ಲೂ ಅವರಿಗೆ ಬಹುವಚನ ತಪ್ಪಿಸಿಲ್ಲ. ಅವರು ಮಾತ್ರ ಹೊಸಮನಿ ಎಂಬ ನಮ್ಮ ಮನೆತನದ ಹೆಸರನ್ನು ಮೊದಲ ವಾರವೇ ಕತ್ತರಿಸಿ ನನ್ನನ್ನು 'ಮಿಸ್ಟರ್ ಹೋಸ್' ಮಾಡಿದರು. ಹೋಸ್ ಎಂದರೆ ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪು. ತಿದ್ದಿದೆ. "ಯೆಸ್, ಮಿಸ್ಟರ್ ಹೋಸ್" ಎಂದರು.

ಗಿರಿಜಾ ಮತ್ತು ಅವರ ಸ್ನೇಹ ಹಿತ್ತಲ ಬೇಲಿಯ ಮೇಲೆ ಬೆಳೆಯಿತು. ಮಿಸ್ ವರ್ನಾ ತಮ್ಮ ಹಿತ್ತಲಲ್ಲಿ ಕಲಾಲೂ ಎಂಬ ಸೊಪ್ಪು ಬೆಳೆಯುತ್ತಾರೆ. ಗಿರಿಜಾ ಅದರ ಒಂದು ಎಲೆ ಕಿತ್ತು, ಹಿಸುಕಿ, ಮೂಸಿ ನೋಡಿ, "ಅಯ್ಯ, ಇದು ನಮ್ಮ ರಾಜಗಿರಿ ಅಲ್ಲೇನ್ರೀ" ಅಂದಳು. ಅಂದಿನಿಂದ ಬೆಳಿಗ್ಗೆ ಹತ್ತೂವರೆಗೆ ಬೇಲಿಯ ಎರಡು ಬದಿಗೆ ಇಬ್ಬರೂ ಹಾಜರು. ಇವಳು ಅವರನ್ನು ವರ್ನಾಬಾಯಿ ಎನ್ನುವಳು, ಅವರು ಇವಳನ್ನು ಮಿಸ್ ಗಿರಿ ಎನ್ನುವರು. ಇವಳ ಇಂಗ್ಲಿಷಿನ ಕ್ರಿಯಾಪದಕ್ಕೆ ಕಾಲವಿಲ್ಲ, ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುವುದಿಲ್ಲ. ಆದರೂ ಆ ಮಾತು ಮುಗಿಯುತ್ತಿರಲಿಲ್ಲ. ಕನ್ನಡದ ಮಂದಿ ನಮಗೆ ಸಿಗುವುದು ಹಬ್ಬಕ್ಕೊಮ್ಮೆ. ಮಗಳು ಫೋನಿನಲ್ಲಿ ಸಿಗುವುದು ವಾರಕ್ಕೊಮ್ಮೆ. ಗಿರಿಜಾಳಿಗೆ ದಿನವೂ ಸಿಗುತ್ತಿದ್ದವರು ಅವರೊಬ್ಬರೇ. ನಾನೂ ಸಿಗುತ್ತಿದ್ದೆ, ಆದರೆ ನನ್ನನ್ನು ಅವಳು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲ ಅವಮಾನ ನಡೆದದ್ದು ಎರಡು ವರ್ಷದ ಹಿಂದೆ, ಅಕ್ಟೋಬರಿನ ಕೊನೆಯ ವಾರ. ಮಿಸ್ ವರ್ನಾ ನಮ್ಮಿಬ್ಬರನ್ನೂ ಸಂಜೆ ಏಳಕ್ಕೆ ಮನೆಗೆ ಕರೆದಿದ್ದರು. ನಾನು ಕೋಟು ಹಾಕಿದೆ. ಗಿರಿಜಾ ಶೇಂಗಾದ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು. ಆಗಲೇ ಕತ್ತಲಾಗಿತ್ತು. ಸರಿಯಾಗಿ ಏಳಕ್ಕೆ ಬೆಲ್ ಒತ್ತಿದೆ. ಬಾಗಿಲು ತೆರೆದ ಮಿಸ್ ವರ್ನಾ ಮುಖ ತುಂಬ ನಕ್ಕು, "ಗುಡ್ ನೈಟ್, ಗುಡ್ ನೈಟ್" ಅಂದರು.

ಒಂದು ಸಲವಲ್ಲ, ಎರಡು ಸಲ. ಈ ದೇಶದಲ್ಲಿ ಅಷ್ಟು ವರ್ಷ ಕಳೆದವನಿಗೆ ಗುಡ್ ನೈಟ್ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಅದು ಬಾಗಿಲು ಮುಚ್ಚುವಾಗ ಆಡುವ ಮಾತು, ತೆರೆಯುವಾಗ ಆಡುವ ಮಾತಲ್ಲ. ನಾನು ತಲೆ ಬಾಗಿಸಿ, "ಗುಡ್ ನೈಟ್, ಮೇಡಂ" ಎಂದು ಹೇಳಿ ಮೆಟ್ಟಿಲಿಳಿದೆ. ಹಿಂದೆ ಡಬ್ಬಿ ಹಿಡಿದು ನಿಂತಿದ್ದ ಗಿರಿಜಾ, "ಏನಾತ್ರೀ?" ಎಂದು ಕೇಳಿದಳು.

"ಗುಡ್ ನೈಟ್ ಅಂದ್ರು. ನಡಿ."

"ಯಾಕಂತ?"

"ಕಳಸೋರಿಗೆ ಕಾರಣ ಕೇಳ್ಬಾರ್ದು. ನಡಿ."

ಮಿಸ್ ವರ್ನಾ ಹಿಂದಿನಿಂದ ಏನೋ ಕೂಗಿದರು. ನಾನು ತಿರುಗಲಿಲ್ಲ. ಮನೆಗೆ ಬಂದು ಕೋಟು ತೆಗೆಯದೆಯೇ ಎರಡು ಹೋಳಿಗೆ ತಿಂದೆ. ಗಿರಿಜಾ ತಿನ್ನಲಿಲ್ಲ.

ಎರಡನೆಯದು ಮುಂದಿನ ಏಪ್ರಿಲಿನದು. ಗಾಳಿಗೆ ಬೇಲಿಯ ಎರಡು ಹಲಗೆ ಬಿದ್ದವು. ಬೇಲಿ ಎರಡೂ ಮನೆಗೆ ಸೇರಿದ್ದು. ಅಳತೆ ಇಬ್ಬರ ಎದುರಿಗೇ ಆಗಬೇಕೆಂದು ನಾನು ಟೇಪು ಹಿಡಿದು ಹೋದೆ. ಅದರ ಒಂದು ತುದಿಯನ್ನು ಮಿಸ್ ವರ್ನಾ ಹಿಡಿದರು, ಇನ್ನೊಂದನ್ನು ನಾನು. ಅಷ್ಟರಲ್ಲಿ ಅವರಿಗೆ ಒಲೆಯ ಮೇಲಿಟ್ಟದ್ದು ಏನೋ ನೆನಪಾಯಿತು. ತಮ್ಮ ತುದಿಯನ್ನು ಒಂದು ಮೊಳೆಗೆ ಸಿಕ್ಕಿಸಿ, "ಸೂನ್ ಕಮ್" ಎಂದು ಒಳಗೆ ಹೋದರು. ಬೇಗ ಬರುತ್ತೇನೆ ಎಂದರ್ಥ. ನಾನು ಅಳತೆ ತಪ್ಪಬಾರದೆಂದು ನನ್ನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತೆ. ನಲವತ್ತೇಳು ನಿಮಿಷ ಕಳೆದ ಮೇಲೆ ಬಂದು, "ನೀವಿನ್ನೂ ಇಲ್ಲೇ ಇದ್ದೀರಾ?" ಎಂದು ಆಶ್ಚರ್ಯಪಟ್ಟರು. ಆಶ್ಚರ್ಯ ಪಡುವ ಹಕ್ಕು ಯಾರದಾಗಿತ್ತು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ನಾನು ಜಗಳ ಮಾಡುವವನಲ್ಲ. ಹತ್ತೂವರೆಗೆ ಬೇಲಿಗೆ ಹೊರಟ ಗಿರಿಜಾಳಿಗೆ, "ಮಾನ ಅನ್ನೋದು ಮನ್ಯಾಗ ಬಿಟ್ಟ ಹೊಂಟೀಯೇನು?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದೆ, ಅಷ್ಟೇ. "ನಿಮ್ಮ ಹತ್ರ ಬೇಕಾದಷ್ಟದ, ಮನಿ ಕಾಯ್ಲಿಕ್ಕೆ ಸಾಕು" ಎಂದು ಅವಳು ಹೋಗುತ್ತಿದ್ದಳು.

ಹೀಗೆಯೇ ನಡೆಯುತ್ತಿದ್ದುದು ಕಳೆದ ಜೂನಿನಲ್ಲಿ ಇದ್ದಕ್ಕಿದ್ದಂತೆ ನಿಂತಿತು. ಗಿರಿಜಾ ಬೇಲಿಯ ಬಳಿ ಹೋದರೆ ಮಿಸ್ ವರ್ನಾ ನೀರಿನ ಡಬ್ಬಿ ಕೆಳಗಿಟ್ಟು ಒಳಗೆ ನಡೆದರು. ಮರುದಿನವೂ ಹಾಗೆ, ಮರುವಾರವೂ ಹಾಗೆ. ಗಿರಿಜಾ ಕಾರಣ ಕೇಳಿದಾಗ, "ನಿಮ್ಮ ಯಜಮಾನರನ್ನು ಕೇಳಿ" ಎಂದಷ್ಟೇ ಹೇಳಿದರಂತೆ. ಬೇಸಿಗೆಯೆಲ್ಲ ರಾಜಗಿರಿ ಬೇಲಿಯಾಚೆ ಎದೆಯೆತ್ತರ ಬೆಳೆದು ನಿಂತಿತು. ಈಚೆ ಗಿರಿಜಾ ಅಂಗಡಿಯ ಪಾಲಕ್ ಸೋಸುತ್ತ ಕುಳಿತಳು. ಅವಳು ನನ್ನನ್ನು ದೂರಲಿಲ್ಲ. ಹತ್ತೂವರೆಗೆ ಹಿತ್ತಲ ಬಾಗಿಲು ತೆರೆಯುವುದನ್ನು ಬಿಟ್ಟಳು, ಅಷ್ಟೇ. ಆ ಬಾಗಿಲಿನ ಸದ್ದು ಇಲ್ಲದೆ ನನಗೆ ಪೇಪರ್ ಓದಲಾಗುತ್ತಿರಲಿಲ್ಲ.

ಅಕ್ಟೋಬರಿನ ಮೊದಲ ವಾರ ಒಂದು ಸಂಜೆ ಅವಳು ಸೀರೆ ಬದಲಿಸಿ ಬಂದು, "ಏಳ್ರೀ. ವರ್ನಾಬಾಯಿ ಮನಿಗೆ ಹೋಗೂಣು. ನೀವು ಏನ್ ಮಾಡೀರಿ, ಅದನ್ನ ಕೇಳಿ ಬರೂಣು" ಅಂದಳು.

"ನಾನು ಮಾಡೀನಿ? ಬಾಗಲಿಗೆ ಬಂದೋರಿಗೆ ಗುಡ್ ನೈಟ್ ಅಂದೋರು ಅವರು."

"ಅವರೂರಾಗ ಕತ್ತಲಾದ ಮ್ಯಾಲೆ ಬಂದೋರಿಗೆ ಹಂಗ ಅಂತಾರ್ರೀ. ಬರ್ರಿ ಅಂದಂಗ ಅದು."

"ನಿನಗ ಯಾವಾಗ ಗೊತ್ತಾತು?"

"ಮರುದಿನಾನ. ನಿಮಗ ಹೇಳೂ ಹೇಳಿದ್ದೆ. ಹಂಗಿದ್ರ ಬರೋವಾಗ ಟಾಟಾ ಮಾಡ್ತಾರೇನು ಅಂತ ಕೇಳಿ, ಪೇಪರ್ ಹಿಡದು ಕೂತ್ರಿ."

ನನಗೆ ಅದು ನೆನಪಿರಲಿಲ್ಲ. ನೆನಪಿಲ್ಲವೆಂದು ಒಪ್ಪಿಕೊಳ್ಳದೆ ಕೋಟು ಹಾಕಿದೆ.

ಬಾಗಿಲು ತೆರೆದ ಮಿಸ್ ವರ್ನಾ ಈ ಸಲ ಏನೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಅವರು ಆಡಿದ ಮಾತಿಗಿಂತ ಅವರು ಆಡದ ಮಾತು ಭಾರವಾಗಿತ್ತು. ಗಿರಿಜಾ ಹಿಂದಿನಿಂದ ಮೊಣಕೈಯಿಂದ ತಿವಿದಳು. ನಾನು, "ಗುಡ್ ನೈಟ್" ಅಂದೆ. ಅವರ ಹುಬ್ಬು ಸ್ವಲ್ಪ ಮೇಲೇರಿತು. "ಗುಡ್ ನೈಟ್" ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕುಳಿತ ಮೇಲೆ ಗಿರಿಜಾ ಕೈಮುಗಿದು, "ವಾಟ್ ಹೀ ಡು?" ಎಂದು ಕೇಳಿದಳು. ಮಿಸ್ ವರ್ನಾ ನನ್ನತ್ತ ತಿರುಗಿದರು. ಅವರ ಇಂಗ್ಲಿಷು ಆ ದಿನ ಒಂದಕ್ಷರವೂ ಬಿಡದೆ ನನಗೆ ತಿಳಿಯಿತು.

"ಜೂನ್ ತಿಂಗಳು, ಎರಡನೆಯ ಶನಿವಾರ. ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ನನ್ನ ಕಾಗದವೊಂದು ನಿಮ್ಮ ಅಂಚೆಡಬ್ಬಿಗೆ ಬಿದ್ದಿತ್ತು, ತಂದು ಕೊಟ್ಟಿರಿ. ತಿಳಿನೀಲಿ ಅಂಗಿ. ಎರಡನೆಯ ಗುಂಡಿ ಇರಲಿಲ್ಲ. ಹೊರಡುವಾಗ 'ಐ ವಿಲ್ ಗೋ ಆ್ಯಂಡ್ ಕಮ್' ಎಂದಿರಿ. ಇಬ್ಬರೂ ಬರುವಿರಾ ಎಂದು ಕೇಳಿದೆ. ಯೆಸ್, ಯೆಸ್, ಬೋತ್, ಎಂದಿರಿ."

ಆಮೇಲೆ ನಡೆದದ್ದನ್ನೂ ಅದೇ ಸ್ವರದಲ್ಲಿ ಹೇಳಿದರು. ನಾವು ಮಾಂಸ ತಿನ್ನುವುದಿಲ್ಲವೆಂದು ಗಿರಿಜಾ ಹೇಳಿದ್ದು ಅವರಿಗೆ ನೆನಪಿತ್ತು. ಆಗಿಂದಾಗಲೇ ಅಂಗಡಿಗೆ ಹೋಗಿ ಮಾಂಸ ತಾಗದ ಹೊಸ ಪಾತ್ರೆ ತಂದರು. ತೆಂಗಿನ ಹಾಲಿನಲ್ಲಿ ಅನ್ನ ಮತ್ತು ಕಾಳು ಬೇಯಿಸಿದರು, ಕಲಾಲೂ ಪಲ್ಯ ಮಾಡಿದರು, ಬಾಳೆಹಣ್ಣು ಹುರಿದರು. ಮೇಜಿಗೆ ಬಟ್ಟೆ ಹಾಸಿ ಕತ್ತಲಾಗುವವರೆಗೆ ಕುಳಿತರು. "ಗೋಡೆಯಾಚೆ ನಿಮ್ಮ ಟೀವಿ ಕೇಳುತ್ತಿತ್ತು, ಮಿಸ್ಟರ್ ಹೋಸ್. ಮನೆಯಲ್ಲೇ ಇದ್ದಿರಿ."

ನಾನು ಆ ಶನಿವಾರವನ್ನು ನೆನಪಿನಲ್ಲಿ ಹುಡುಕಿದೆ. ಮದುವೆಯ ಪಂಕ್ತಿಯ ಧೋತರದ ಅಂಚು ಇತ್ತು, ನಲವತ್ತೇಳು ನಿಮಿಷವೂ ಇತ್ತು. ಆ ಶನಿವಾರ ಇರಲಿಲ್ಲ. ಕಾಗದ ಕೊಟ್ಟದ್ದಾಗಲಿ, ಆ ಮಾತು ಆಡಿದ್ದಾಗಲಿ ಒಂದು ಚೂರೂ ನೆನಪಿರಲಿಲ್ಲ. ಆಡಿರಲೇಬೇಕು. ಯಾರ ಮನೆಯಿಂದ ಹೊರಟರೂ ಹೋಗಿ ಬರುತ್ತೇನೆ ಎನ್ನದೆ ನಾನು ಹೊಸ್ತಿಲು ದಾಟಿದವನಲ್ಲ. ಅವರಿಗೆ ತಿಳಿಯಲೆಂದು ಇಂಗ್ಲಿಷ್ ಮಾಡಿದ್ದಷ್ಟೇ ಹೆಚ್ಚುಗಾರಿಕೆ. ಇಬ್ಬರೂ ಕ್ಷೇಮವೇ ಎಂದು ಕೇಳಿದರೆಂದು ತಿಳಿದು ಹೌದೆಂದಿರಬೇಕು. ಅಂಗಿಯ ಗುಂಡಿ ಮಾತ್ರ ನಿಜ, ಅದು ಇಂದಿಗೂ ಇಲ್ಲ.

ಗಿರಿಜಾ ಅಷ್ಟರಲ್ಲಿ ವಿವರಣೆಗೆ ತೊಡಗಿದ್ದಳು. "ವರ್ನಾಬಾಯಿ, ಅವರ್ ಪೀಪಲ್, ಗೋಯಿಂಗ್ ಟೈಮ್, ಸೇ ಕಮಿಂಗ್."

ಮಿಸ್ ವರ್ನಾ ಇದನ್ನು ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದರೆ ಬರುವಾಗ ಏನು ಹೇಳುತ್ತೀರಿ?"

ಗಿರಿಜಾಳೂ ಯೋಚಿಸಿದಳು. "ನಥಿಂಗ್. ಜಸ್ಟ್ ಕಮ್."

ಮಿಸ್ ವರ್ನಾ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಅವರ ಭುಜ ಅಲುಗಿತು. ಗಿರಿಜಾಳದೂ ಅಲುಗಿತು. ನಾನು ಎದ್ದು ನಿಂತು, ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಬೇಕು ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಿದೆ. ಮಧ್ಯೆ, "ಆಗಿದ್ದರೆ ಅಲ್ಲ, ಆಗಿತ್ತು" ಎಂದು ಅವರು ತಿದ್ದಿದರು. ತಿದ್ದುಪಡಿ ಸರಿಯಾಗಿತ್ತು. ವಾಕ್ಯವನ್ನು ಮೊದಲಿನಿಂದ ಹೇಳಿದೆ. ಅವರು ಎದ್ದು ಹೋಗಿ ಚಹಾಕ್ಕಿಟ್ಟರು.

ಹೊರಡುವಾಗ ತೊಂದರೆ ಶುರುವಾಯಿತು. ಬರುತ್ತೇನೆ ಎನ್ನುವಂತಿರಲಿಲ್ಲ, ಪಾತ್ರೆ ಒಲೆಗೇರುವ ಭಯ. ಹೋಗುತ್ತೇನೆ ಎನ್ನಲು ಬಾಯಿ ತೆರೆದೆ. ಗಿರಿಜಾ, "ಕೆಟ್ಟ ಮಾತು ಆಡಬ್ಯಾಡ್ರೀ, ಹೊಸ್ತಿಲ ಮ್ಯಾಲೆ" ಎಂದು ತೋಳು ಚಿವುಟಿದಳು. ಗುಡ್ ನೈಟ್ ಎಂದರೆ ಈಗಷ್ಟೇ ಬಂದಂತಾಗುವುದೋ ಏನೋ. ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೆ. ಇಬ್ಬರು ಹೆಂಗಸರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ, "ಸೂನ್ ಕಮ್" ಅಂದೆ.

ಮಿಸ್ ವರ್ನಾ ಬಾಗಿಲ ಚೌಕಟ್ಟು ಹಿಡಿದು ನಕ್ಕ ನಗು ನಾವು ನಮ್ಮ ಮನೆಯೊಳಗೆ ಬಂದ ಮೇಲೂ ಗೋಡೆಯ ಮೂಲಕ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಮಂಜು ಬೀಳುವ ಮೊದಲು ಉಳಿದ ರಾಜಗಿರಿಯನ್ನೆಲ್ಲ ಕೊಯ್ದು ಕೊಡುತ್ತೇನೆಂದು ಮಿಸ್ ವರ್ನಾ ಬೇಲಿಯಾಚೆಯಿಂದ ಹೇಳಿ, "ಸೂನ್ ಕಮ್, ಮಿಸ್ ಗಿರಿ" ಎಂದು ಒಳಗೆ ಹೋದರು. ಗಿರಿಜಾ ನಿಶ್ಚಿಂತೆಯಿಂದ ಒಳಗೆ ಬಂದು ಬೆಳ್ಳುಳ್ಳಿ ಸುಲಿಯತೊಡಗಿದಳು. ನಾನೂ ಪಾಠ ಕಲಿತವನಂತೆ ಪೇಪರ್ ಹಿಡಿದು ಕಿಟಕಿಯ ಬಳಿ ಕುಳಿತೆ. ಸೊಪ್ಪು ಮಧ್ಯಾಹ್ನ ಬಂತು, ಒಂದು ದೊಡ್ಡ ಹೊರೆ. "ನೋಡು, ಈ ಸಲ ನಾ ಗಡಿಯಾರ ಸುದ್ದಾ ನೋಡ್ಲಿಲ್ಲ. ಎರಡು ತಾಸು ಹದಿನೆಂಟು ನಿಮಿಷ ಆತು, ಒಂದು ಮಾತು ಆಡ್ಲಿಲ್ಲ" ಎಂದು ಗಿರಿಜಾಳಿಗೆ ಹೇಳಿದೆ.

ಅವಳು ಸೊಪ್ಪಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನೂ ನಾನು ಮರೆತಿಲ್ಲ.