ಕಾಕಾ ಮತ್ತು ಚೌಕಗಳು

ಊಟಕ್ಕೆ ಕರೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಸಂಶಯಪಟ್ಟು ಕರೆಯುವವನು ನಮ್ಮ ಕಾಕಾ ಒಬ್ಬನೇ! ಮೂಡಲಗಿಯ ಗೃಹಪ್ರವೇಶಕ್ಕೆ ಅವನು ಮಾಡಿಕೊಟ್ಟ ಆಮಂತ್ರಣ ಹೀಗಿತ್ತು: “ತಾವು ಸಕುಟುಂಬ ಸಪರಿವಾರ ಬರಬೇಕು????”

ಹುಕ್ಕೇರಿಯ ಬೀಗರು ಫೋನ್ ಮಾಡಿದರು: “ಏನ್ರಿ, ನಾವು ಬಂದ್ರ ನಡೀತೈತೋ ಇಲ್ಲೋ? ಖರೆ ಹೇಳಿಬಿಡ್ರಿ!”

ಪಾಪ, ಕಾಕಾ ಟೈಪ್ ಮಾಡಿದ್ದು ಎರಡು ಕಮಲದ ಹೂವು. ಪರದೆಯ ಮೇಲೆ ಅರಳಿದ್ದ ಒಂದೊಂದು ಹೂವೂ ಕಾಗದಕ್ಕೆ ಬರುವಷ್ಟರಲ್ಲಿ ಎರಡೆರಡು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು.

ಹಿಡಕಲ್ ಡ್ಯಾಮಿನ ನೌಕರನಾದ ಕಾಕಾ ಒಂದು ಬೇಸಿಗೆಯಲ್ಲಿ ಗೋಕಾಕದ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಪ್ರೋಗ್ರಾಂ ಬರೆಯುವವರ ಕೋಡ್ ಎಡಿಟರ್ ಕಲಿತುಬಂದ. ಕಪ್ಪು ಪರದೆ, ಬಣ್ಣಬಣ್ಣದ ಅಕ್ಷರ. ಅಂದಿನಿಂದ ರಜೆಯ ಅರ್ಜಿಯೂ ಅದರಲ್ಲೇ, ಮಕ್ಕಳ ಕೂದಲು ತೆಗೆಸುವ ಜವಳದ ಆಮಂತ್ರಣವೂ ಅದರಲ್ಲೇ!

“ಕಾಕಾ, ಇದರಾಗ ಪ್ರಿಂಟ್ ಗುಂಡಿನೇ ಇಲ್ಲ!” ಅಂದೆ.

“ನಾ ಬ್ಯಾರೇ ದಾರಿಲೆ ಪ್ರಿಂಟ್ ತಗೀತೀನಿ. ಇಲ್ಲದ್ದ ಛಲೋ ಆತು. ಗುಂಡಿ ಇದ್ರ ಯಾರ ಬೇಕಾದ್ರೂ ಒತ್ತತಾರ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥ ವಾದಗಳನ್ನು ಮುರಿದಿದ್ದೇನೆ. ಇದನ್ನು ಎಲ್ಲಿ ಹಿಡಿದು ಮುರಿಯುವುದು, ನೀವೇ ಹೇಳಿ!

ಕೊಣ್ಣೂರಿನ ನಾಮಕರಣದ ಆಮಂತ್ರಣದಲ್ಲಂತೂ ಎಡಿಟರಿನ ಸಾಲುಸಂಖ್ಯೆಗಳೂ ಅಚ್ಚಾಗಿ ಬಂದವು. ‘ಪ್ರಸಾದ’ ಇದ್ದದ್ದು ಹತ್ತೊಂಬತ್ತನೇ ಸಾಲಿನಲ್ಲಿ. ಅಜ್ಜ ಒಬ್ಬರು ಊಟದ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: “ನಮ್ಮದು ಹತ್ತೊಂಬತ್ತನೇ ಪಂಕ್ತಿ ಅಂತ ಬರದಾರ. ಈಗ ಎಷ್ಟನೇದ್ದು ನಡದೈತಿ?”

ಕಾಕಾನ ಹೆಂಡತಿ, ನಮ್ಮ ಕಾಕು, ಇಂಥ ಅವಕಾಶ ಬಿಡುತ್ತಿರಲಿಲ್ಲ. “ಏನ್ರಿ, ಅವರು ಬೆಳತನಕ ನಿಂತ್ರೂ ಊಟ ಸಿಗೂದಿಲ್ಲ. ನಿಮ್ಮ ಪ್ರಿಂಟರ್ ಹೊತ್ತಕೊಂಡು ಹೋಗಿ ಬಡಸ್ರಿ!”

‘ಏನ್ರಿ’ಯ ಆಚೆಗೆ ಕಾಕು ಗಂಡನ ಹೆಸರನ್ನು ಎಂದೂ ಹೇಳಿದವಳಲ್ಲ. ಯಾರಾದರೂ ಕೇಳಿದರೆ ನನ್ನ ಕಡೆ ತಿರುಗಿ, “ನೀ ಹೇಳ” ಅನ್ನುವಳು. ಒಮ್ಮೆ ನಾನು ಬಿಡಲಿಲ್ಲ: “ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅನ್ನಾಕ ಪುರಾವೆ ಏನೈತಿ ಕಾಕು?”

“ಪುರಾವೆ ನೋಡಾಕ ಅವರನ್ನ ಕಳಕೊಳ್ಳಲೇನು?”

ಆ ಚರ್ಚೆಯಲ್ಲೂ ನನಗೆ ಬಹುಮಾನ ಬರಲಿಲ್ಲ.

ಆ ಕಾಕುಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ನೀರು ಬೇಕಾದಾಗ ನಾವು ಹೊದಿಕೆ ಹೊದಿಸಿದರೆ ಸಿಟ್ಟಿಗೆ ಅಳುವಳು.

ಕಾಕಾ ಎಡಿಟರಿನ ಮುಂದೆ ಕೂತ. ನೀರಿನ ಲೋಟ, ಚಹಾದ ಕಪ್ಪು, ಹಾಸಿಗೆ, ಗುಳಿಗೆ, ಎಲ್ಲ ಪುಟ್ಟ ಚಿತ್ರಚಿಹ್ನೆಗಳನ್ನು ಸಾಲಾಗಿ ಹಾಕಿದ. ಕಾಕು ಎಡಗೈ ಬೆರಳಿಟ್ಟು ತೋರಿಸಿದರೆ ಸಾಕು. ಬ್ರೌಸರಿನಲ್ಲಿ ತೆರೆದು ಪ್ರಿಂಟ್ ಕೊಟ್ಟ. ಬಂದದ್ದೇನು? ಹಾಳೆ ತುಂಬ ಖಾಲಿ ಚೌಕ!

“ಅಂಗಡ್ಯಾಗ ಸಾಲಿ ಹುಡುಗೂರ ಚಿತ್ರದ ತಕ್ತೆ ಸಿಗತಾವ ಕಾಕಾ.”

“ಅದರಾಗ ಜಿರಾಫಿ ಇರತೈತಿ. ನಿಮ್ಮ ಕಾಕುಗ ಜಿರಾಫಿ ಯಾಕ ಬೇಕು? ಇದಾದ್ರ ಆಕಿಗೆ ಬೇಕಾದಂಗ ಒಂದೊಂದು ಸಾಲು ಕೂಡಸ್ಕೋತ ಹೋಗಬಹುದು.”

ಕಡೆಗೆ ಆ ಚಿಹ್ನೆಗಳಿರುವ ಫಾಂಟ್ ಹುಡುಕಿ ಹಾಕಿಕೊಂಡ. ಲೋಟ ಬಂತು, ಕಪ್ಪು ಬಂತು, ಹಾಸಿಗೆಯೂ ಬಂತು. ಕೊನೆಯದೊಂದು ಬರಲಿಲ್ಲ: ಮೀಸೆ, ಚಷ್ಮಾ ಇರುವ ಮುಖ. ತನ್ನನ್ನು ಕರೆಯಲಿಕ್ಕೆಂದು ಕಾಕಾ ಇಟ್ಟಿದ್ದ ಚಿಹ್ನೆ ಅದು. ಅದರ ಜಾಗದಲ್ಲಿ ಖಾಲಿ ಚೌಕವೇ ಉಳಿಯಿತು.

ಹಾಳೆಯನ್ನು ಕಾಕುವಿನ ಮುಂದೆ ಹಿಡಿದೆವು. ಅವಳ ಬೆರಳು ಲೋಟ ದಾಟಿತು, ಕಪ್ಪು ದಾಟಿತು, ಗುಳಿಗೆ ದಾಟಿ ಆ ಚೌಕದ ಮೇಲೆ ನಿಂತಿತು.

“ಅದು ಬಂದಿಲ್ಲ,” ಕಾಕಾ ಸಣ್ಣ ಮುಖ ಮಾಡಿದ, “ನಾಳಿ ಸರಿ ಮಾಡತೀನಿ.”

ಕಾಕು ತಲೆ ಅಲ್ಲಾಡಿಸಿದಳು. ಚೌಕವನ್ನು ಮತ್ತೆ ಕುಟ್ಟಿ, ಅವನ ಮುಖವನ್ನೇ ನೋಡಿದಳು. ಹೆಸರಿಲ್ಲದೇ ಕರೆಯುವುದು ಅವಳಿಗೆ ಹೊಸದೇ? ಕಾಕಾ ಹೋಗಿ ಹಾಸಿಗೆಯ ಬಾಜೂಕ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ.

ಮೊನ್ನೆ ಹೊಸ ಫಾಂಟ್ ನಾನೇ ತಂದುಕೊಟ್ಟೆ. ಈಗ ಮೀಸೆಯೂ ಅಚ್ಚಾಗಿ ಬರುತ್ತದೆ.

“ಬ್ಯಾಡ ತಗಿ,” ಅಂದ ಕಾಕಾ, “ಆಕಿಗೆ ಆ ಖಾಲಿ ಚೌಕಾನ ರೂಢಿ ಆಗೈತಿ.”

ಪ್ರತಿವಾದ ಹೂಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಕಾಗದದ ಮೇಲೆ ಬೆರಳು ಕುಟ್ಟುವ ಸಪ್ಪಳ ಕೇಳಿತು. ಯಾವ ಚಿತ್ರದ ಮೇಲೆ ಎಂದು ಕಾಕಾ ಹೋಗಿ ನೋಡಲೂ ಇಲ್ಲ.

“ಬಂದ್ನಿ, ಬಂದ್ನಿ!” ಅಂದ.