ಯಾರ ಡ್ರೆಸ್ಸಿಂಗ್ ಮೇಲು?

ವಾಸುದೇವರ ಎಡಗಾಲಿನ ಹುಣ್ಣು ಪರ್ತಿನ ಥಾರ್ನ್ಲಿ ಬಡಾವಣೆಯ ಕನ್ನಡಿಗರೆಲ್ಲರ ಆಸ್ತಿ ಎಂಬುದು ಆ ಶನಿವಾರ ಬೆಳಗ್ಗೆಯೇ ಖಚಿತವಾಯಿತು. ರಕ್ತನಾಳ ಉಬ್ಬಿ ಕಣಕಾಲಿನ ಮೇಲೆ ಆದ ಹುಣ್ಣದು. ತಿಂಗಳುಗಟ್ಟಲೆ ಕಾಡಿ ಈಗಷ್ಟೇ ಮಾಯತೊಡಗಿತ್ತು. ಮಧ್ಯಾಹ್ನ ಬರುವ ನರ್ಸ್ ಟ್ರೇಸಿ, ಊತ ಇಳಿದಿದೆ ಅಂದರೆ ಸಾಕು, ನಾಳೆ ಬ್ರಿಸ್ಬೇನಿನ ವಿಮಾನ. ಸೋಮವಾರ ಅಲ್ಲಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಮೊಮ್ಮಗಳ ನಾಮಕರಣ. ಕೂಸನ್ನು ಇನ್ನೂ ಎತ್ತಿಕೊಂಡಿರದ ತಾತನಿಗೆ ಜೀವ ತಡೆಯುತ್ತಿರಲಿಲ್ಲ.

ಮೊದಲು ಬಂದವರು ಗಣಿ ಎಂಜಿನಿಯರ್ ಉಮಾಪತಿ.

"ನರ್ಸ್ ಹಾಕಿರೋದು ಸಾದಾ ಡ್ರೆಸ್ಸಿಂಗ್ ಅಲ್ವೇನ್ರೀ? ತಗೊಳ್ಳಿ, ಜೇನುತುಪ್ಪದ್ದು. ನಮ್ಮ ಸೈಟಲ್ಲಿ ಒಬ್ನಿಗೆ ವಾರದಲ್ಲಿ ವಾಸಿಯಾಯ್ತು!"

ಕಟ್ಟು ಬಿಚ್ಚಿ ಜೇನಿನದನ್ನು ಅಂಟಿಸುವಷ್ಟರಲ್ಲಿ ಪಕ್ಕದ ಬೀದಿಯ ಮಾಲವಿಕಾ ಬಂದಳು.

"ಅಯ್ಯೋ ಅಂಕಲ್, ಜೇನಾ? ಇರುವೆ ಮುತ್ಕೊಳ್ತವೆ! ನೋಡಿ, ಬೆಳ್ಳಿ ಸೇರಿಸಿರೋ ಡ್ರೆಸ್ಸಿಂಗ್ ತಂದಿದೀನಿ."

ಉಮಾಪತಿಯವರ ಎದುರೇ ಜೇನಿನದನ್ನು ಕಿತ್ತೆಸೆಯುವುದು ಹೇಗೆ? ಮಾಲವಿಕಾಳಿಗೆ ಬೇಡ ಅನ್ನುವುದು ಹೇಗೆ? ಹಾಳು ದಾಕ್ಷಿಣ್ಯ! ಜೇನಿನ ಮೇಲೆ ಬೆಳ್ಳಿ ಕೂತಿತು.

"ನಾನು ತಂದಿದ್ದೇನು ಬಿಟ್ಟಿ ಬಿದ್ದಿದೆಯಾ?" ಎಂದು ಹೆಂಡತಿ ಅನುಸೂಯಾ ಅದರ ಮೇಲೊಂದು ಸ್ಪಂಜಿನ ಡ್ರೆಸ್ಸಿಂಗ್ ಒತ್ತಿದರು. ಕಾಲು ತವರಿಗೆ ಹೊರಟವಳ ಬಟ್ಟೆಗಂಟಿನಂತಾಯಿತು. ಟ್ರೇಸಿ ಡ್ರೆಸ್ಸಿಂಗಿನ ಮೇಲೆ ಸುತ್ತಿದ್ದ ಬಿಗಿ ಬ್ಯಾಂಡೇಜು ಈಗ ಸುತ್ತು ಬರಲೇ ಇಲ್ಲ. ಹೋಗಲಿ ಅತ್ಲಾಗೆ ಎಂದು ತೆಗೆದಿಟ್ಟರು.

ಆಮೇಲೆ ಶುರುವಾಯಿತು ವಾದ. ಜೇನು ಹೆಚ್ಚೋ, ಬೆಳ್ಳಿ ಹೆಚ್ಚೋ, ಸ್ಪಂಜು ಹೆಚ್ಚೋ? ವಾದ ಮಾಡುವವರಿಗೆ ವಾಸುದೇವರು ನಿಂತೇ ಕಾಫಿ ಬೆರೆಸಿದರು, ನಿಂತೇ ಚಕ್ಕುಲಿ ಹಂಚಿದರು.

ಮಧ್ಯಾಹ್ನ ಟ್ರೇಸಿ ಬಂದದ್ದೇ ಮೂವರೂ ಮುತ್ತಿಕೊಂಡರು. ಯಾವುದು ಒಳ್ಳೆಯದು, ನೀವೇ ಹೇಳಿ!

"ಯಾವುದಾದರೂ ಆದೀತು," ಅಂದಳು ಟ್ರೇಸಿ ತನ್ನ ಇಂಗ್ಲಿಷಿನಲ್ಲಿ. "ಒಂದಕ್ಕಿಂತ ಒಂದು ಮೇಲು ಅಂತ ಗಟ್ಟಿಯಾಗಿ ಹೇಳೋಕೆ ಬರಲ್ಲ. ವಾಸಿ ಮಾಡ್ತಿದ್ದದ್ದು ಮೇಲಿನ ಬಿಗಿ ಬ್ಯಾಂಡೇಜು. ಅದೆಲ್ಲಿ?"

ಅನುಸೂಯಾ ತೆಗೆದಿಟ್ಟಿದ್ದ ಬ್ಯಾಂಡೇಜನ್ನು ತಂದು ಮುಂದಿಟ್ಟರು. ಟ್ರೇಸಿ ಪಾದದ ಮೇಲೆ ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಮತ್ತೆ ಊದಿದೆ. ನಾಳೆ ವಿಮಾನ ಬೇಡ."

ವಾಸುದೇವರ ಕಣ್ಣು ತುಂಬಿ ಬಂತು. ಅನುಸೂಯಾ ಸೆರಗಿನಿಂದ ಮೂಗು ಒರೆಸಿಕೊಂಡು, "ಏನ್ಮಾಡೋದು, ನಾನೊಬ್ಳೇ ಹೋಗ್ಬರ್ತೀನಿ," ಅಂದರು.

ಉಮಾಪತಿ ಬಂದು ವಾಸುದೇವರ ಹೆಗಲ ಮೇಲೆ ಕೈಯಿಟ್ಟರು.

"ಒಬ್ರೇ ಇರ್ತೀರ ಅಂತ ಬೇಜಾರ್ ಮಾಡ್ಕೋಬೇಡಿ. ನಾಳೆ ಪರ್ತಲ್ಲಿರೋ ನಮ್ಮೋರ್ನೆಲ್ಲ ಕರ್ಕೊಂಡು ಬರ್ತೀನಿ, ನಿಮ್ಮನ್ನ ನೋಡೋಕೆ!"